ಎಲೆಯ ಬಾಯಿ

ಬಿಸಿ ಚಹಾದ ಲೋಟ ಕೈಗೆ ಬಂದೊಡನೆ ಮೇಷ್ಟ್ರ ತುಟಿ ತಾನಾಗಿ ಮುಂದೆ ಬಂದು ಊದಲು ಹೊರಟಿತು. ಕೆನ್ನೆ ಉಬ್ಬಿತು, ಹುಬ್ಬು ಮೇಲೇರಿತು, ಊದುವುದಕ್ಕೆ ಬೇಕಾದ ಸಂಭ್ರಮವೆಲ್ಲ ನಡೆಯಿತು; ಗಾಳಿ ಮಾತ್ರ ಬರಲಿಲ್ಲ. ಲೋಟದ ಮೇಲಿನ ಹಬೆ ತನ್ನ ಪಾಡಿಗೆ ತಾನು ನೆಟ್ಟಗೆ ಏರುತ್ತಿತ್ತು. ಉಸಿರೇನೋ ಹೊರಟಿತ್ತು, ಆದರೆ ಅದು ಹೋದದ್ದು ಕೊರಳಿನ ಬುಡದಿಂದ, ಅಂಗಿಯ ಮೊದಲನೆಯ ಗುಂಡಿ ಇರುವ ಜಾಗದಲ್ಲಿ ಡಾಕ್ಟರು ಮಾಡಿಕೊಟ್ಟ ತೂತಿನಿಂದ. ಅದರ ಮೇಲೆ ಹೆಂಡತಿ ಹೊಲಿದುಕೊಟ್ಟಿದ್ದ ತೆಳುಬಟ್ಟೆಯ ಪರದೆ ಒಮ್ಮೆ ಉಬ್ಬಿ ಇಳಿಯಿತು. “ಇಲ್ಲಿ ಕೊಡಿ,” ಎಂದು ಹೆಂಡತಿ ಲೋಟ ತೆಗೆದುಕೊಂಡು ತಾನೇ ಊದಿ, ಮರಳಿ ಕೊಟ್ಟಳು. ಮೊದಮೊದಲು ಇದರಿಂದ ಅವರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಷ್ಟಾದಂತಾಗುತ್ತಿತ್ತು. ಎಳೆಮಗುವಿಗೆ ಗಂಜಿ ಆರಿಸಿಕೊಟ್ಟ ಹಾಗೆ, ಐವತ್ತು ದಾಟಿದ ಗಂಡಸಿಗೆ ಚಹಾ ಆರಿಸಿಕೊಡುವುದೆಂದರೇನು! ಈಗ ಹಾಗನ್ನಿಸುವುದಿಲ್ಲ. ಒಂದು ದಿನ ಅವಳು ಊದುವುದು ಮರೆತರೆ ಚಹಾಕ್ಕೆ ಏನೋ ಹಾಕಿಲ್ಲವೆಂದು ಅವರೇ ಲೋಟ ಮುಂದಕ್ಕೆ ಚಾಚುತ್ತಾರೆ.

ಮೇಷ್ಟ್ರು ಮಾತಿನ ಮನುಷ್ಯ. ಹಾಗೆಂದರೆ ಸಾಲದು, ಬಾಯಿಬಡುಕ ಎನ್ನುವುದೇ ಸರಿ, ಅವರ ಎದುರಿಗೇ ಹಾಗೆ ಅಂದವರೂ ಇದ್ದರು. ಜೀವಶಾಸ್ತ್ರದ ಒಂದು ಪಾಠವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿ, ಉಳಿದ ಹೊತ್ತಿನಲ್ಲಿ ಇನ್ನೊಂದು ಪಾಠಕ್ಕೂ ಕೈಹಾಕುವ ಮನುಷ್ಯ. ಮನೆಯಲ್ಲಿ ಹೆಂಡತಿ ಒಂದು ವಾಕ್ಯ ಶುರು ಮಾಡಿದರೆ ಅದರ ಕ್ರಿಯಾಪದವನ್ನು ತಾವೇ ಹಾಕಿ ಮುಗಿಸಿಬಿಡುತ್ತಿದ್ದರು, ಅದೂ ಬಹಳ ಸಲ ತಪ್ಪಾಗಿ. ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡು, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗುತ್ತದೆಂದು ಡಾಕ್ಟರು ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ ಬದುಕುತ್ತೇನೋ ಇಲ್ಲವೋ ಎಂದಲ್ಲ, ಪಾಠ ಮಾಡಬಹುದೋ ಎಂದು. ಡಾಕ್ಟರು ಕೈಗಳನ್ನು ಮೇಜಿನ ಮೇಲೆ ಜೋಡಿಸಿಟ್ಟುಕೊಂಡು, “ಮೊದಲು ಉಸಿರಾಡೋಣ ಮೇಷ್ಟ್ರೇ,” ಎಂದಿದ್ದರು. ಆ ಮಾತಿನಲ್ಲಿದ್ದ ಬಹುವಚನ ಎಷ್ಟೋ ರಾತ್ರಿ ಅವರನ್ನು ಕಾಪಾಡಿತ್ತು. ಈಗ ಅವರ ಹತ್ತಿರ ಒಂದು ಯಂತ್ರವಿದೆ, ಟಾರ್ಚಿನಷ್ಟು ದೊಡ್ಡದು. ಅದನ್ನು ದವಡೆಯ ಕೆಳಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಗುಂಯ್ ಎನ್ನುವ ಒಂದೇ ಸ್ವರದಲ್ಲಿ ಮಾತು ಹೊರಡುತ್ತದೆ. ಹೆಂಡತಿ ಅದಕ್ಕೆ ಜೀರುಂಡೆ ಎಂದು ಹೆಸರಿಟ್ಟಿದ್ದಳು. ಇವತ್ತು ಜೀರುಂಡೆಯನ್ನು ಜೇಬಿಗಿಟ್ಟುಕೊಂಡು ಎಂಟನೇ ತರಗತಿಗೆ ಹೋಗಿ ಒಂದು ಪಾಠ ಮಾಡಬೇಕು. ಮುಖ್ಯೋಪಾಧ್ಯಾಯಿನಿ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಾರೆ. ಆಗದಿದ್ದರೆ ಮೇಷ್ಟ್ರ ಪಾಲಿಗೆ ಗ್ರಂಥಾಲಯದ ಬೀಗದಕೈ, ನಿವೃತ್ತಿಯವರೆಗೂ.

“ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇದೀನಿ,” ಎಂದಿದ್ದರು ಮುಖ್ಯೋಪಾಧ್ಯಾಯಿನಿ. ಶಾಲೆಯಲ್ಲಿ ಅವರನ್ನು ಎಲ್ಲರೂ ದೊಡ್ಡಮೇಡಂ ಎನ್ನುತ್ತಾರೆ. “ಮಕ್ಕಳು ಅಂದ್ರೆ ಗೊತ್ತಲ್ಲ ನಿಮಗೆ. ನಗ್ತಾರೆ. ನಿಮಗೆ ನೋವಾಗತ್ತೆ, ಅವರಿಗೆ ಪಾಠ ಆಗಲ್ಲ. ಗ್ರಂಥಾಲಯದಲ್ಲಿ ಮಾತೇ ಆಡೋ ಹಾಗಿಲ್ಲ ನೋಡಿ, ನಿಮಗೆ ಹೇಳಿ ಮಾಡಿಸಿದ ಹಾಗಿದೆ.” ಅಂದ ಮೇಲೆ ತಾವಂದದ್ದೇನೆಂದು ಅವರಿಗೇ ಹೊಳೆದು, ಮುಖ ಕೆಂಪಗಾಗಿ, ಕಿಟಕಿಯ ಪಕ್ಕದ ಮನಿ ಪ್ಲಾಂಟಿನ ಒಣಗಿದ ಎಲೆಯೊಂದನ್ನು ಚಿವುಟತೊಡಗಿದ್ದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು, ಮನಸ್ಸಿನಲ್ಲಾದರೂ. ಮೇಷ್ಟ್ರು ಜೀರುಂಡೆಯನ್ನು ಗಂಟಲಿಗೊತ್ತಿ ಒಂದೇ ಒಂದು ಪಿರಿಯಡ್ ಕೇಳಿದ್ದರು. ದೊಡ್ಡಮೇಡಮ್ಮಿಗೆ ಮೊದಲ ಸಲ ಅರ್ಥವಾಗಲಿಲ್ಲ. ಮೂರನೆಯ ಸಲ ಅರ್ಥವಾದಾಗ ಅವರು ಇಲ್ಲವೆನ್ನಲಾರದೆ ಹೋದರು. ಯಾವ ಪಾಠ ಎಂದದ್ದಕ್ಕೆ ಮೇಷ್ಟ್ರು ಅವರ ಮನಿ ಪ್ಲಾಂಟಿನ ಕಡೆಗೆ ಕೈ ತೋರಿಸಿ, “ಎಲೆ,” ಎಂದರು. ಆ ಒಂದು ಪದ ಮಾತ್ರ ಗಾಜಿನಷ್ಟು ನಿಚ್ಚಳವಾಗಿ ಬಂದಿತ್ತು. ಯಾಕೆ ಎಂದು ಆಗ ಮೇಷ್ಟ್ರಿಗೆ ಗೊತ್ತಿರಲಿಲ್ಲ.

ಎಲೆಯ ಪಾಠವನ್ನೇ ಯಾಕೆ ಕೇಳಿದೆ ಎಂದು ಯೋಚಿಸಿದರೆ ಆಸ್ಪತ್ರೆಯ ಕಿಟಕಿ ನೆನಪಾಗುತ್ತದೆ. ಎಚ್ಚರವಾದಾಗ ಮೂಗಿನಲ್ಲಿ ನಳಿಕೆ, ಕೊರಳಿನಲ್ಲಿ ನಳಿಕೆ, ಬಾಯಿ ಇದ್ದೂ ಇಲ್ಲ. ಎದುರಿಗೆ ಕಿಟಕಿ, ಕಿಟಕಿಯ ತುಂಬ ಒಂದು ಮರ. ಸರ್ವೀಸಿನುದ್ದಕ್ಕೂ ಎಲೆಯ ಬಗ್ಗೆ ಗಂಟಲು ಹರಿಯುವಂತೆ ಪಾಠ ಹೇಳಿದ ಮನುಷ್ಯ ಒಂದು ಎಲೆಯನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನೋಡುತ್ತ ಇರುವಂತೆ ಎಲೆಗಳು ಬಿಸಿಲಿನ ಕಡೆಗೆ ತಿರುಗುತ್ತಿದ್ದವು, ಯಾರ ಕಣ್ಣಿಗೂ ಬೀಳದಷ್ಟು ನಿಧಾನವಾಗಿ. ಗಾಳಿ ಬಂದಾಗ ಒಟ್ಟಿಗೇ ಮಗುಚಿ ತಮ್ಮ ಮಾಸಲು ಹೊಟ್ಟೆ ತೋರಿಸುತ್ತಿದ್ದವು. ಅಲ್ಲಿ, ಆ ಹೊಟ್ಟೆಯ ತುಂಬ, ಕಣ್ಣಿಗೆ ಕಾಣದ ತೂತುಗಳು. ಅಲ್ಲಿಂದಲೇ ಉಸಿರು, ಅಲ್ಲಿಂದಲೇ ಊಟಕ್ಕೆ ಬೇಕಾದ ಗಾಳಿ, ಅಲ್ಲಿಂದಲೇ ಬೆವರು. ಮುಖ ಎನ್ನುವುದೇ ಇಲ್ಲದೆ ಇಷ್ಟೂ ಕೆಲಸ ಮಾಡಿಕೊಂಡು, ಯಾರನ್ನೂ ಕರೆದು ಹೇಳದೆ, ಅವು ಅಲ್ಲಿ ಇದ್ದವು. ದಾದಿ ಬಂದು ನಳಿಕೆ ತೊಳೆದು, ಕನ್ನಡಿ ಹಿಡಿದು, “ನೋಡ್ಕೊಳ್ತೀರಾ?” ಎಂದಾಗ ಮೇಷ್ಟ್ರು ಮುಖ ತಿರುಗಿಸಿದ್ದರು. ಕೊರಳಲ್ಲಿ ಕೆಂಪು ಅಂಚಿನ ಒಂದು ತೂತು. ಅದು ತನ್ನದು ಎನ್ನಲು ಅಸಹ್ಯ. ಆಮೇಲೆ ಒಂದು ಮಧ್ಯಾಹ್ನ, ಮರವನ್ನೇ ನೋಡುತ್ತಿದ್ದಾಗ, ಈ ಗಾಳಿ ಅಲ್ಲಿಂದ ಇಲ್ಲಿಗೆ ಬರುತ್ತಿದೆ ಎನ್ನುವುದು ಅವರಿಗೆ ತಟ್ಟನೆ ತಾಗಿತು. ಎಷ್ಟು ಮಕ್ಕಳಿಗೆ ಹೇಳಿದ್ದ ಮಾತು ಅದು, ಪರೀಕ್ಷೆಗೆ ಬರುತ್ತೆ ಬರ್ಕೊಳ್ಳಿ ಎಂದು! ಒಂದು ತೂತಿನಿಂದ ಹೊರಟು ಇನ್ನೊಂದು ತೂತಿಗೆ. ಅವರಿಗೆ ಅಳು ಬಂತು. ಧ್ವನಿಯಿಲ್ಲದ ಅಳು, ಬರೀ ನೀರು. ದುಃಖಕ್ಕೆ ಬಂದದ್ದಲ್ಲ ಅದು, ಋಣಕ್ಕೆ ಬಂದದ್ದು.

ಚಹಾ ಮುಗಿಯುವ ಹೊತ್ತಿಗೆ ಹೆಂಡತಿ ಹೊಲಿಗೆಯ ಮೆಷಿನ್ನಿನ ಮುಂದೆ ಕೂತಿದ್ದಳು. ಯಾರದೋ ಕೋಟಿಗೆ ಒಳಬಟ್ಟೆ ಕೂರಿಸುವ ಕೆಲಸ. ಕಳೆದ ವಾರವಿಡೀ ಈ ಮೆಷಿನ್ನಿನ ಪಕ್ಕದ ಕುರ್ಚಿಯಲ್ಲೇ ಮೇಷ್ಟ್ರು ಪಾಠ ಅಭ್ಯಾಸ ಮಾಡಿದ್ದು. ಮೊದಲ ದಿನ ಅವರು ಜೀರುಂಡೆಯನ್ನೊತ್ತಿ ಗಂಭೀರವಾಗಿ, “ಪತ್ರಹರಿತ್ತು,” ಎಂದರು. ಹೆಂಡತಿ ತಲೆಯೆತ್ತಿ, “ಯಾರು ಅರಿತಿದ್ದು?” ಎಂದಳು. ಇನ್ನೊಮ್ಮೆ ಹೇಳಿದರು. “ಬದ್ರ ಅರಿದ್ದು ಅಂತ ಕೇಳ್ತಿದೆ ರೀ. ಭದ್ರ ಅಂದ್ರೆ ಯಾರು, ನಿಮ್ಮ ಶಾಲೆಯವರಾ?” ಎಂದು ಕೇಳಿದಳು, ನಿಜವಾಗಿಯೂ ತಿಳಿಯದೆ. ಯಂತ್ರದ ಗುಟ್ಟು ಅವರಿಗೆ ಆಗ ಗೊತ್ತಾಯಿತು. ಅದು ಎಡೆಬಿಡದೆ ಗುಂಯ್‌ಗುಡುವುದರಿಂದ, ಗಂಟಲು ಸುಮ್ಮನಿರಬೇಕಾದ ಅಕ್ಷರಗಳಲ್ಲೂ ಸುಮ್ಮನಿರುವುದಿಲ್ಲ. ಪ ಎಂದರೆ ಬ ಆಗುತ್ತದೆ, ತ ಎಂದರೆ ದ, ಕ ಎಂದರೆ ಗ. ಹಕಾರವಂತೂ ಇಲ್ಲವೇ ಇಲ್ಲ; ಅದಕ್ಕೆ ಎದೆಯ ಗಾಳಿ ಬಾಯಿಗೆ ಬರಬೇಕು, ಬರುವ ದಾರಿಯೇ ಮುಚ್ಚಿದೆ. ಜೀವಮಾನವಿಡೀ ಅವರು ಹೆಮ್ಮೆಯಿಂದ ಉರುಳಿಸಿದ ಪದಗಳೆಲ್ಲ ಒಂದೊಂದಾಗಿ ಕುಂಟತೊಡಗಿದವು. ಬಾಷ್ಪವಿಸರ್ಜನೆ ಎಂದಾಗ ಹೆಂಡತಿ ಮೆಷಿನ್ ನಿಲ್ಲಿಸಿ, ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಆಪರೇಷನ್ ಆದಂದಿನಿಂದ ಆ ಮನೆಯಲ್ಲಿ ಯಾರೂ ಹಾಗೆ ನಕ್ಕಿರಲಿಲ್ಲ. ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅವಳು ಇನ್ನೂ ಒಂದಷ್ಟು ನಗಲಿ ಎಂದು ಬೇಕೆಂದೇ ದ್ಯುತಿಸಂಶ್ಲೇಷಣೆಗೆ ಕೈಹಾಕಿದರು.

ಉಳಿದದ್ದನ್ನು ಹೆಂಡತಿಯೇ ಹುಡುಕಿಕೊಟ್ಟಳು. “ಎಲೆ ಅಂದ್ರೆ ಚೆನ್ನಾಗಿ ಬರತ್ತಲ್ಲ. ಗಾಳಿ ಅನ್ನಿ ನೋಡೋಣ.” ಗಾಳಿ ಬಂತು. ನೀರು ಬಂತು. ಅನ್ನ ಬಂತು. ಬಾಯಿ ಬಂತು. ಬೆಳಕು ಎಂದಾಗ ಬೆಳಗು ಎಂದು ಬಂತು. ಅವಳು ದಾರ ಹಲ್ಲಿನಲ್ಲಿ ಕಡಿಯುತ್ತ, “ಅದೇನು ಕೆಟ್ಟದಾಗಿಲ್ಲ, ಇರಲಿ ಬಿಡಿ,” ಎಂದಳು. ದೊಡ್ಡ ಪದಗಳೆಲ್ಲ ಸೋತು, ಮನೆಯೊಳಗೆ ಓಡಾಡುವ ಪದಗಳು ಮಾತ್ರ ಉಳಿದುಕೊಂಡದ್ದನ್ನು ಕಂಡು ಮೇಷ್ಟ್ರಿಗೆ ಸ್ವಲ್ಪ ನಾಚಿಕೆಯೂ ಆಯಿತು. ಎಲೆ ಒಳಗೆ ಹೇಗಿದೆ ಎಂದು ಅವಳು ಕೇಳಿದಳು. ಇಷ್ಟು ವರ್ಷ ಕೇಳಿರಲಿಲ್ಲ, ಅಥವಾ ಕೇಳಲು ಹೊರಟ ವಾಕ್ಯವನ್ನು ಇವರು ಮುಗಿಸಿಬಿಟ್ಟಿರಬೇಕು. ಚಿತ್ರ ಬರೆದು ತೋರಿಸಿದರು: ಮೇಲೆ ಮೇಣದ ಹೊದಿಕೆಯಿರುವ ತೆಳು ಚರ್ಮ, ಅದರ ಕೆಳಗೆ ಒತ್ತೊತ್ತಾಗಿ ನಿಂತ ಉದ್ದನೆಯ ಕೋಶಗಳ ಸಾಲು, ಬಿಸಿಲು ನೇರ ಅವುಗಳ ನೆತ್ತಿಗೆ, ಅದರ ಕೆಳಗೆ ನಡುನಡುವೆ ಜಾಗ ಬಿಟ್ಟುಕೊಂಡ ದುಂಡು ಕೋಶಗಳು, ಆ ಜಾಗದಲ್ಲಿ ಗಾಳಿ, ನಡುವೆ ನೀರು ತರುವ, ಮಾಡಿದ ಅಡುಗೆಯನ್ನು ಸಾಗಿಸುವ ನರಗಳು, ಕೊನೆಗೆ ಕೆಳಗಿನ ಚರ್ಮ, ಅದರಲ್ಲಿ ಬಾಯಿಗಳು. ಅವಳು ಬಹಳ ಹೊತ್ತು ನೋಡಿ, “ಒಳ್ಳೆ ಹೊಲಿಗೆ,” ಎಂದಳು. “ಮೇಲ್ಬಟ್ಟೆ, ಒಳಬಟ್ಟೆ, ನಡುವೆ ಹತ್ತಿ. ಗಾಳಿ ಆಡೋದಕ್ಕೆ ಜಾಗ ಬಿಟ್ಟು ತುಂಬಿದಾರೆ. ನನ್ನ ಹತ್ರ ಯಾರೂ ಇಷ್ಟು ತೆಳ್ಳಗೆ ಹೊಲ್ಸಿಲ್ಲ.” ತಾನು ಎಷ್ಟೋ ವರ್ಷ ಅವಳ ಮಾತನ್ನು ಕಿತ್ತುಕೊಂಡದ್ದಕ್ಕೆ ಅವಳು ಕೊಟ್ಟ ಶಿಕ್ಷೆ ಇಷ್ಟೇ ಎನ್ನುವುದನ್ನು ನೆನೆದರೆ ಮೇಷ್ಟ್ರಿಗೆ ಈಗಲೂ ಎದೆ ತುಂಬುತ್ತದೆ.

ಹೊಸ ಪರದೆ ಕಟ್ಟಿ, ಅದರ ಅಂಚು ಕಾಲರಿನೊಳಗೆ ಮಡಚಿ, “ಹೋಗ್ಬನ್ನಿ,” ಎಂದಳು. ಮೇಷ್ಟ್ರು ಹೊರಟರು. ಬಸ್ಸಿನಲ್ಲಿ ಕಂಡಕ್ಟರ್, ಟಿಕೇಟು ಕೇಳಿದ ಗುಂಯ್ ದನಿಗೆ ಬೆಚ್ಚಿ, ಇವರಿಗೆ ಕಿವಿಯೂ ಕೇಳಿಸುವುದಿಲ್ಲವೆಂದುಕೊಂಡು ಬಸ್ಸಿಗೆಲ್ಲ ಕೇಳುವಂತೆ, “ಎಲ್ಲಿ ಇಳೀಬೇಕೂ?” ಎಂದು ಕೂಗಿದ. ಎಲ್ಲರೂ ತಿರುಗಿ ನೋಡಿದರು. ಒಬ್ಬಾಕೆ ಎದ್ದು ಜಾಗ ಬಿಟ್ಟುಕೊಟ್ಟಳು. ಬೇಡವೆನ್ನುವುದಕ್ಕೆ ಜೀರುಂಡೆ ಮತ್ತೆ ತೆಗೆಯಬೇಕಲ್ಲ ಎಂದು ಅವರು ಕೂತುಬಿಟ್ಟರು. ದಯೆಯೂ ಒಂದು ಬಗೆಯಲ್ಲಿ ಚುಚ್ಚುತ್ತದೆ. ಆದರೂ ಕೂತ ಮೇಲೆ ಕಾಲಿಗೆ ಹಾಯೆನಿಸಿದ್ದೂ ಸುಳ್ಳಲ್ಲ. ಶಾಲೆಯ ಗೇಟಿನಲ್ಲಿ ಇಬ್ಬರು ಸಹೋದ್ಯೋಗಿಗಳು ಒಂದೊಂದೇ ಅಕ್ಷರ ಬಿಡಿಸಿ ಹೇಗಿದ್ದೀರೆಂದು ಕೇಳಿದರು. ಮೇಷ್ಟ್ರು ತಲೆಯಾಡಿಸಿ, ನಕ್ಕು, ಮುಂದೆ ನಡೆದರು. ತಲೆಯಾಡಿಸುವುದರಲ್ಲಿ ಎಷ್ಟೊಂದು ಸುಳ್ಳು ಹೇಳಬಹುದೆನ್ನುವುದು ಈಚೆಗೆ ಗೊತ್ತಾಗಿತ್ತು. ದೊಡ್ಡಮೇಡಂ ಕೋಣೆಯಲ್ಲಿರಲಿಲ್ಲ. ಕಿಟಕಿಯ ಪಕ್ಕದ ಮನಿ ಪ್ಲಾಂಟಿನಿಂದ ಅಗಲವಾದ ಎರಡು ಎಲೆಗಳನ್ನು ತೊಟ್ಟಿನ ಸಮೇತ ಮುರಿದುಕೊಂಡು, ಮೇಷ್ಟ್ರು ಕಳ್ಳನ ಹಾಗೆ ಹೊರಬಂದರು.

ಎಂಟನೇ ತರಗತಿ ಎದ್ದು ನಿಂತಿತು. ಗಲಾಟೆಯಿಲ್ಲ, ಪಿಸುಮಾತಿಲ್ಲ, ಬೆಂಚು ಎಳೆದ ಸದ್ದೂ ಇಲ್ಲ. ಯಾರೋ ಚೆನ್ನಾಗಿ ಹೇಳಿಕೊಟ್ಟಿದ್ದರು. ನಗಬಾರದು ಎಂದು ಗಟ್ಟಿಮಾಡಿಕೊಂಡ ಅಷ್ಟೂ ಮುಖಗಳನ್ನು ಕಂಡು ಮೇಷ್ಟ್ರು ಜೇಬಿನಲ್ಲಿ ಜೀರುಂಡೆಯನ್ನು ತಡವಿಕೊಂಡರು. ಹಿಂದಿನ ಬೆಂಚಿನಲ್ಲಿ ದೊಡ್ಡಮೇಡಂ. ಮುಂದಿನ ಬೆಂಚಿನಲ್ಲಿ ಪ್ರಶ್ನೆಪತ್ರಿಕೆ. ಆ ಹುಡುಗಿಗೆ ಆ ಅಡ್ಡಹೆಸರಿಟ್ಟದ್ದು ಮೇಷ್ಟ್ರೇ. ಹೋದ ವರ್ಷ ಅವಳು ಪಾಠದ ನಡುವೆ ಕೈಯೆತ್ತಿ ಎತ್ತಿ ಅವರ ಓಟಕ್ಕೆ ಅಡ್ಡ ಬರುತ್ತಿದ್ದಾಗ, “ಸಾಕು ಕೂತ್ಕೊಳಮ್ಮ ಪ್ರಶ್ನೆಪತ್ರಿಕೆ,” ಎಂದಿದ್ದರು, ಇಡೀ ತರಗತಿ ನಕ್ಕು ಅದನ್ನೇ ಖಾಯಂ ಮಾಡಿಬಿಟ್ಟಿತ್ತು. ಇವತ್ತು ಅವಳೂ ಕೈಗಳನ್ನು ಬೆಂಚಿನ ಕೆಳಗೆ ಅಡಗಿಸಿಟ್ಟುಕೊಂಡಿದ್ದಳು. ಮೇಷ್ಟ್ರು ಜೀರುಂಡೆ ತೆಗೆದು ದವಡೆಗೊತ್ತಿ, ವಾರವಿಡೀ ಕಲಿತದ್ದನ್ನೆಲ್ಲ ಮರೆತುಬಿಟ್ಟರು. ಹಿಂದೆ ಕೂತ ದೊಡ್ಡಮೇಡಮ್ಮಿನ ಕಣ್ಣು ಅವರನ್ನು ಹಳೆಯ ಮೇಷ್ಟ್ರನ್ನಾಗಿ ಮಾಡಿತೋ ಏನೋ. ಎಂದಿನಂತೆ, ಎದೆಯುಬ್ಬಿಸಿ, ಪುಸ್ತಕದ ಭಾಷೆಯಲ್ಲೇ ಶುರು ಮಾಡಿದರು. ಪತ್ರರಂಧ್ರಗಳು ಎಲೆಯ ಕೆಳಮೈಯಲ್ಲಿ ಹೆಚ್ಚಾಗಿರುತ್ತವೆ, ಬರೆದುಕೊಳ್ಳಿ. ಮಕ್ಕಳು ತಲೆ ತಗ್ಗಿಸಿ ಬರೆದರು. ವಿಧೇಯವಾಗಿ, ಒಬ್ಬರೂ ಏನೆಂದು ಕೇಳದೆ ಬರೆದರು. ಮೇಷ್ಟ್ರಿಗೆ ಧೈರ್ಯ ಬಂತು. ಇನ್ನೂ ಮೂರು ವಾಕ್ಯ ಹೇಳಿ, ಬೆಂಚುಗಳ ನಡುವೆ ನಡೆದು, ಪ್ರಶ್ನೆಪತ್ರಿಕೆಯ ಪುಟದ ಮೇಲೆ ಕಣ್ಣು ಹಾಯಿಸಿದರು. ಅಂದವಾದ ಅಕ್ಷರದಲ್ಲಿ, ಕೆಳಗೆ ಗೆರೆ ಎಳೆದು, ಅವಳು ಬರೆದಿದ್ದಳು: ಭದ್ರರಂಧ್ರ.

ಪಕ್ಕದವನ ಪುಟದಲ್ಲೂ ಭದ್ರರಂಧ್ರ. ಅದರ ಪಕ್ಕದವಳದು ಬದ್ರರಂದ್ರ, ಕಾಗುಣಿತ ತಪ್ಪು ಬೇರೆ. ಆಮೇಲಿನ ಸಾಲುಗಳನ್ನು ಅವರು ನೋಡಲಿಲ್ಲ. ದೊಡ್ಡಮೇಡಂ ತಮ್ಮ ಮುಂದೆ ಕೂತ ಹುಡುಗನ ಭುಜದ ಮೇಲಿನಿಂದ ಓದಿ, ಬೇಗ ಕಣ್ಣು ತೆಗೆದು ಕಿಟಕಿಯ ಕಡೆ ನೋಡಿದರು. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಈ ಮಕ್ಕಳು ತನ್ನ ಮೇಲಿನ ಕರುಣೆಯಿಂದ ಪುಟಗಟ್ಟಲೆ ತಪ್ಪು ಬರೆದುಕೊಂಡು, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲೂ ಅದನ್ನೇ ಬರೆದು ಬರಲು ತಯಾರಾಗಿದ್ದಾರೆ! ಮೇಷ್ಟ್ರ ಕಿವಿ ಬಿಸಿಯಾಯಿತು. ಗ್ರಂಥಾಲಯದ ಕಪಾಟುಗಳು, ಅಲ್ಲಿನ ತಣ್ಣನೆಯ ಕುರ್ಚಿ, ಯಾರೂ ಬಾರದ ಮಧ್ಯಾಹ್ನ, ಎಲ್ಲ ಕಣ್ಣೆದುರು ಬಂದು ಕೂತವು. ಹೋಗಿಬಿಡಲೇ ಎಂದು ಬಾಗಿಲ ಕಡೆ ನೋಡಿದರು. ಅಷ್ಟರಲ್ಲಿ ಬೆಂಚಿನ ಕೆಳಗಿನಿಂದ ಒಂದು ಕೈ, ತಡೆಯಲಾರದೆ, ಅರ್ಧ ಮೇಲೆದ್ದಿತು.

“ಸರ್,” ಎಂದಳು ಪ್ರಶ್ನೆಪತ್ರಿಕೆ, ಮೇಡಮ್ಮಿನ ಕಡೆ ಒಮ್ಮೆ ಹೆದರಿ ನೋಡಿ. “ಭದ್ರ ಅಂದ್ರೆ ಯಾಕೆ ಸರ್? ತೂತು ಅಂದ್ಮೇಲೆ ಭದ್ರ ಹೇಗೆ ಇರತ್ತೆ?”

ಯಾರೋ ಹಿಂದಿನಿಂದ ಶ್ ಎಂದರು. ಮೇಷ್ಟ್ರು ಅವಳನ್ನೇ ನೋಡಿದರು. ತಮ್ಮನ್ನು ಕನಿಕರದಿಂದ ಬಿಟ್ಟುಬಿಡದೆ, ಹೋದ ವರ್ಷದ ಹಾಗೆಯೇ ಅಡ್ಡ ಹಾಕಿದ ಆ ಮಗುವಿನ ಮೇಲೆ ಅವರಿಗೆ ಎಂಥ ಅಕ್ಕರೆ ಬಂತೆಂದರೆ, ಕೂಡಲೇ ಏನಾದರೂ ಕೊಡಬೇಕೆನ್ನಿಸಿತು. ಕೊಡಲು ಉತ್ತರ ಬಿಟ್ಟು ಇನ್ನೇನಿತ್ತು? ಕಪ್ಪುಹಲಗೆಯ ಮೇಲೆ ದೊಡ್ಡದಾಗಿ ಪತ್ರರಂಧ್ರ ಎಂದು ಬರೆದರು. “ಓಹೋ!” ಎಂದು ತರಗತಿ ಉಸಿರು ಬಿಟ್ಟಿತು. ಎಲ್ಲರೂ ರಬ್ಬರಿಗೆ ಕೈಹಾಕಿದರು. ಮೇಷ್ಟ್ರು ಕೈಯೆತ್ತಿ ತಡೆದು, ಬರೆದ ಪದದ ಮೇಲೆ ತಾವೇ ಅಡ್ಡಗೆರೆ ಎಳೆದು, ಜೀರುಂಡೆಯನ್ನೊತ್ತಿ ನಿಧಾನವಾಗಿ ಹೇಳಿದರು: “ಎಲೆಯ ಬಾಯಿ.” ಹಿಂದಿನ ಬೆಂಚಿನವರೆಗೂ ಅದು ಸ್ಪಷ್ಟವಾಗಿ ಹೋಯಿತು. ಆಮೇಲೆ ಬಾಯಿಯ ಚಿತ್ರ ಬರೆದರು, ಅದರ ಎರಡು ಬದಿಗೂ ಎರಡು ಉಬ್ಬಿದ ಕೋಶ. ನೀರು ಕುಡಿದು ಉಬ್ಬಿದರೆ ನಡುವೆ ಬಾಯಿ ತೆರೆಯುತ್ತದೆ, ನೀರು ಕಡಿಮೆಯಾಗಿ ಸೊರಗಿದರೆ ಮುಚ್ಚುತ್ತದೆ. “ಎರಡು ತುಟಿ,” ಎಂದರು. “ಎರಡು ದುಡಿ?” ಎಂದಿತು ತರಗತಿ. ಮೇಷ್ಟ್ರು ತಮ್ಮ ತುಟಿ ಮುಟ್ಟಿ ತೋರಿಸಿದರು. “ತುಟಿ! ತುಟಿ ಸರ್!” ಎಂದು ನಾಲ್ಕು ಕಡೆಯಿಂದ ಕೂಗು ಬಂತು. “ಅದಕ್ಕೇ ಭದ್ರ!” ಎಂದು ಪ್ರಶ್ನೆಪತ್ರಿಕೆ ತನಗೆ ತಾನೇ ಹೇಳಿಕೊಂಡು, ಅಳಿಸಲು ಹೊರಟ ಪದವನ್ನು ಅಳಿಸದೆ ಬಿಟ್ಟಳು.

ಅಲ್ಲಿಂದ ಮುಂದೆ ಅದು ಆಟವಾಯಿತು. ಮೇಷ್ಟ್ರು ಒಂದು ಪದ ಹೇಳುವುದು, ಅದು ಮುರುಕಾಗಿ ಬರುವುದು, ಮಕ್ಕಳು ಅದನ್ನು ರಿಪೇರಿ ಮಾಡಿ ಕೂಗುವುದು. ಗೋಜ ಎಂದರೆ ಕೋಶ. ಜರ್ಮ ಎಂದರೆ ಚರ್ಮ. ಅಜಿರು ಎಂದರೆ ಏನೆಂದು ಯಾರಿಗೂ ಹೊಳೆಯದೆ, ಕೊನೆಗೆ ಮೂಲೆಯ ದಪ್ಪಗಾಜಿನ ಕನ್ನಡಕದ ಹುಡುಗಿ ಎದ್ದು ನಿಂತು, “ಹಸಿರು!” ಎಂದು ಕಿರುಚಿ, ಕಿರುಚಿದ್ದಕ್ಕೆ ತಾನೇ ಗಾಬರಿಯಾಗಿ ಕೂತಳು. ಈ ಪದಗಳನ್ನೆಲ್ಲ ಇಷ್ಟು ವರ್ಷ ತಾವೊಬ್ಬರೇ ಹೇಳಿ ಮುಗಿಸುತ್ತಿದ್ದುದು ಮೇಷ್ಟ್ರಿಗೆ ನೆನಪಾಯಿತು. ಮಕ್ಕಳ ಬಾಯಿಂದ ಅವು ಬಂದಾಗ ಹೊಸ ಪದಗಳಂತೆ ಕೇಳುತ್ತಿದ್ದವು.

ಲ್ಯಾಬಿನಿಂದ ತರಿಸಿದ್ದ ಬಿಸಿನೀರು ಗಾಜಿನ ಪಾತ್ರೆಯಲ್ಲಿ ಹಬೆಯಾಡುತ್ತಿತ್ತು. ಮೇಷ್ಟ್ರು ಜೇಬಿನಿಂದ ಎಲೆ ತೆಗೆದರು. ಹಿಂದಿನ ಬೆಂಚಿನಲ್ಲಿ ದೊಡ್ಡಮೇಡಂ ಕುತ್ತಿಗೆ ಉದ್ದ ಮಾಡಿ, ಎಲೆಯ ಗುರುತು ಹಿಡಿದು, ಹುಬ್ಬು ಗಂಟಿಕ್ಕಿದರು. ಮೇಷ್ಟ್ರು ಕಾಣದವರಂತೆ ಎಲೆಯನ್ನು ತೊಟ್ಟಿನಲ್ಲಿ ಹಿಡಿದು ನೀರಿನಲ್ಲಿ ಮುಳುಗಿಸಿ, ಬನ್ನಿ ಎಂದು ಕೈಸನ್ನೆ ಮಾಡಿದರು. ಬೆಂಚುಗಳು ಕಿರ್ರೆಂದವು. ಎಲ್ಲರೂ ಮೇಜಿನ ಸುತ್ತ ಮುತ್ತಿಕೊಂಡರು. ಮೊದಲು ಏನೂ ಆಗಲಿಲ್ಲ. ಆಮೇಲೆ ಎಲೆಯ ಕೆಳಮೈಯಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಮೂಡಿದವು. ಒಂದು, ಇನ್ನೊಂದು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು. ಎಲೆಯೊಳಗಿನ ಗಾಳಿ ಬಿಸಿಗೆ ಹಿಗ್ಗಿ ಬಾಯಿ ಹುಡುಕಿಕೊಂಡು ಹೊರಬರುತ್ತಿತ್ತು. ಮೇಲ್ಮೈಯಲ್ಲಿ ಅಲ್ಲೊಂದು ಇಲ್ಲೊಂದು, ಅಷ್ಟೇ. “ಉಸಿರಾಡ್ತಿದೆ! ಸರ್, ಉಸಿರಾಡ್ತಿದೆ!” “ಬಾಯಿ ಎಲ್ಲಿದೆ?” ಎಂದು ಕೇಳಿತು ಜೀರುಂಡೆ. “ಕೆಳಗೆ!” “ಯಾಗೆ?” “ಯಾಕೆ ಅಂತ ಕೇಳ್ತಿದಾರೆ ಕಣ್ರೋ! ಮೇಲೆ ಬಿಸಿಲು ಸರ್, ನೀರೆಲ್ಲ ಆರಿಹೋಗತ್ತೆ!” “ಮೇಲೆ ಧೂಳು ಕೂರತ್ತೆ ಸರ್!” ಮೇಷ್ಟ್ರಿಗೆ ಖುಷಿ ತಡೆಯಲಾಗಲಿಲ್ಲ. ಎಲೆಯ ಒಳಗನ್ನೆಲ್ಲ ಬರೆದು ತೋರಿಸಬೇಕು, ಮೇಲ್ಬಟ್ಟೆ, ಒಳಬಟ್ಟೆ, ನಡುವಿನ ಹತ್ತಿ. ಡಸ್ಟರ್ ತೆಗೆದುಕೊಂಡು ಕಪ್ಪುಹಲಗೆಯನ್ನು ಜೋರಾಗಿ ಉಜ್ಜಿದರು.

ಸುಣ್ಣದ ಪುಡಿ ಮುಖದ ಮುಂದೆ ಮೋಡ ಕಟ್ಟಿತು. ಮೂಗು ಸೋಸಿ ಒಳಗೆ ಬಿಡುವ ಕಾಲ ಹೋಗಿತ್ತು. ಪುಡಿ ಪರದೆಯ ಅಂಚಿನಿಂದ ನುಗ್ಗಿ ನೇರ ಎದೆಗಿಳಿಯಿತು. ಕೆಮ್ಮು ಬಂತು. ಮೇಷ್ಟ್ರ ಕೈ ಐವತ್ತು ವರ್ಷದ ಸಂಸ್ಕಾರದಂತೆ ಥಟ್ಟನೆ ಬಾಯಿಗೆ ಹೋಗಿ, ಬಾಯಿಯನ್ನು ಭದ್ರವಾಗಿ ಮುಚ್ಚಿತು. ಕೆಮ್ಮು ಹೊರಟದ್ದು ಕೊರಳಿನಿಂದ. ಪರದೆ ಹಾರಿ ಪಕ್ಕಕ್ಕೆ ಬಿತ್ತು, ಕಫದ ಹನಿ ಅಂಗಿಯ ಮೇಲೂ ಮೇಜಿನ ಮೇಲೂ ಸಿಡಿಯಿತು, ಕೆಂಪು ಅಂಚಿನ ತೂತು ಎಲ್ಲರೆದುರು ಬತ್ತಲಾಗಿ ನಿಂತಿತು. ಬಾಯಿ ಮುಚ್ಚಿಕೊಂಡ ಕೈಯನ್ನು ತೆಗೆಯಬೇಕೆಂಬುದೂ ಅವರಿಗೆ ತೋಚಲಿಲ್ಲ. ಹಿಂದೆ ದೊಡ್ಡಮೇಡಂ ಎದ್ದು ನಿಂತರು. ಮುಗಿಯಿತು ಎಂದುಕೊಂಡರು ಮೇಷ್ಟ್ರು. ಇನ್ನೊಂದು ಕೆಮ್ಮು ಬರುತ್ತಿತ್ತು, ಅದನ್ನು ತಡೆಯುವ ಉಪಾಯ ಅವರಿಗಿರಲಿಲ್ಲ.

“ಸರ್, ಅಲ್ಲಲ್ಲ,” ಎಂದಳು ಪ್ರಶ್ನೆಪತ್ರಿಕೆ, ತಪ್ಪು ಲೆಕ್ಕವನ್ನು ತಿದ್ದುವ ದನಿಯಲ್ಲಿ. “ಬಾಯಿ ಕೆಳಗಿದೆ ಸರ್.”

ಹೇಳುತ್ತಲೇ ತನ್ನ ಕರವಸ್ತ್ರ ತೆಗೆದು ಮುಂದಕ್ಕೆ ಚಾಚಿದಳು. ಅವಳ ಮುಖದಲ್ಲಿ ಕನಿಕರವಿರಲಿಲ್ಲ, ಅಸಹ್ಯವೂ ಇರಲಿಲ್ಲ. ಈಗತಾನೇ ಕಲಿತದ್ದನ್ನು ಸರಿಯಾದ ಜಾಗದಲ್ಲಿ ಹೇಳಿದೆನೆಂಬ ಗೆಲುವಿತ್ತು. ಮೇಷ್ಟ್ರು ಕರವಸ್ತ್ರವನ್ನು ಕೊರಳಿಗೊತ್ತಿಕೊಂಡು ಎರಡನೆಯ ಕೆಮ್ಮನ್ನು ಅದರೊಳಗೆ ಕೆಮ್ಮಿದರು. ಅದರ ಹಿಂದೆಯೇ ಬಂದದ್ದು ಕೆಮ್ಮಲ್ಲ, ನಗು. ದನಿಯಿಲ್ಲದ ನಗು, ಭುಜ ಕುಲುಕುತ್ತ, ಕರವಸ್ತ್ರ ಪುಟಪುಟನೆ ಉಬ್ಬುತ್ತ. ಅದು ನಗುವೆಂದು ಮಕ್ಕಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದ ಮೇಲೆ, ಪಾಪ, ಬೆಳಗಿನಿಂದ ಬಿಗಿಹಿಡಿದಿದ್ದ ನಗುವೆಲ್ಲ ಕಟ್ಟೆಯೊಡೆಯಿತು. ಬೆಂಚು ಬಡಿದರು, ಒಬ್ಬರ ಮೇಲೊಬ್ಬರು ಬಿದ್ದರು. “ನಿಮ್ಮದಕ್ಕೂ ಎರಡು ತುಟಿ ಇದೆಯಾ ಸರ್?” “ಮುಚ್ಚಿ ತೆಗೀಬಹುದಾ ಸರ್?” “ಅಲ್ಲಿಂದ ಊಟ ಮಾಡ್ತೀರಾ?” “ಏ ಮಂಕೆ, ಎಲೆ ಮಾತ್ರ ಅಲ್ಲಿಂದ ಊಟ ಮಾಡೋದು!” ಇಷ್ಟು ತಿಂಗಳು ಯಾರೂ ಕೇಳದಿದ್ದ ಪ್ರಶ್ನೆಗಳು. ಇದುವರೆಗೆ ಎಲ್ಲರೂ ಅವರ ಕಣ್ಣು ನೋಡಿ ಮಾತಾಡುತ್ತಿದ್ದರು, ಕೊರಳು ಕಾಣದವರ ಹಾಗೆ. ಈ ಮಕ್ಕಳು ನೇರ ಕೊರಳನ್ನೇ ನೋಡಿ ಕೇಳುತ್ತಿದ್ದರು. ಮೇಷ್ಟ್ರಿಗೆ ಆ ತೂತು ಮೊದಲ ಬಾರಿಗೆ ತಮ್ಮದೆನ್ನಿಸಿತು. ಒಂದು ಕೈಯಲ್ಲಿ ಜೀರುಂಡೆ, ಇನ್ನೊಂದು ಕೈಯಲ್ಲಿ ಸುಣ್ಣದ ಕಡ್ಡಿ ಹಿಡಿದು ಒಂದೊಂದಕ್ಕೂ ಉತ್ತರ ಹೇಳತೊಡಗಿದರು. ಇಲ್ಲ, ಮುಚ್ಚಲು ಬರುವುದಿಲ್ಲ, ಅದರಲ್ಲಿ ಎಲೆಯೇ ಮೇಲು. ಮಕ್ಕಳು ಪ್ರತಿ ಉತ್ತರವನ್ನೂ ರಿಪೇರಿ ಮಾಡಿ, ಗಂಟಲು ಹರಿಯುವಂತೆ ಕೂಗಿ, ಒಬ್ಬರಿಗೊಬ್ಬರು ದಾಟಿಸಿದರು.

ಬಾಗಿಲು ತಟ್ಟಿದ ಸದ್ದು ಯಾರಿಗೂ ಕೇಳಿಸಲಿಲ್ಲ. ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಬಾಗಿಲು ತಳ್ಳಿ ಒಳಗೆ ಬಂದು ನಿಂತಿದ್ದರು. ಕೈಯಲ್ಲಿ ತೆರೆದ ಪುಸ್ತಕ, ಮುಖದಲ್ಲಿ ಸಿಟ್ಟು. ಒಳಗೆ ಯಾರ ಪಾಠ ನಡೆಯುತ್ತಿದೆ ಎನ್ನುವುದು ಅವರಿಗೆ ಮರೆತೇ ಹೋಗಿದ್ದಂತಿತ್ತು.

“ಏನ್ರೀ ಇದು ಮೇಷ್ಟ್ರೇ, ಸಂತೆ ಆಗಿದೆ! ಸ್ವಲ್ಪ ಮೆಲ್ಲಗೆ ಪಾಠ ಮಾಡಕ್ಕಾಗಲ್ವಾ? ನನ್ನ ಕ್ಲಾಸಿಗೆ ಒಂದಕ್ಷರ ಕೇಳಿಸ್ತಿಲ್ಲ!”

ಹೇಳಿದ ಮೇಲೆ ಅವರಿಗೆ ಕೊರಳು ಕಂಡಿತು, ಜೀರುಂಡೆ ಕಂಡಿತು, ಬಾಯಿ ಹಾಗೆಯೇ ತೆರೆದುಕೊಂಡಿತು. ಮೇಷ್ಟ್ರು ಸುಣ್ಣದ ಕಡ್ಡಿಯನ್ನು ಕೈಯಲ್ಲೇ ಹಿಡಿದು ದೊಡ್ಡಮೇಡಂ ಕಡೆ ತಿರುಗಿದರು. ಅವರು ಮಕ್ಕಳ ನಡುವೆ, ಮೇಜಿನ ಹತ್ತಿರ ನಿಂತು, ತಮ್ಮ ಮನಿ ಪ್ಲಾಂಟಿನ ಎಲೆಯಿಂದ ಇನ್ನೂ ಏಳುತ್ತಿದ್ದ ಗುಳ್ಳೆಗಳನ್ನು ಬಗ್ಗಿ ನೋಡುತ್ತಿದ್ದರು. ತಲೆಯೆತ್ತದೆಯೇ ಗಣಿತದ ಮೇಷ್ಟ್ರಿಗೆ ಹೇಳಿದರು:

“ನಾಳೆಯೂ ಹೀಗೇ ಇರತ್ತೆ ಮೇಷ್ಟ್ರೇ. ನಿಮ್ಮ ಬಾಗಿಲು ಹಾಕ್ಕೊಳ್ಳಿ.”